ಹದಿನಾಲ್ಕನೇ ಪಾಲು

ನಮ್ಮೂರಿನ ಏರಿಗೆ ಏನಾದರೂ ಆದರೆ ಮೊದಲು ಗೊತ್ತಾಗುವುದು ಯಾರದಾದರೂ ಮೈಗೆ. ಇದನ್ನು ಹೊರಗಿನವರಿಗೆ ಹೇಳಿದರೆ ಅವರು ನನ್ನ ಮುಖ ನೋಡುತ್ತಾರೆ, ನಾನು ಅವರ ಮುಖ ನೋಡುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಹೇಳುವುದನ್ನೇ ಬಿಟ್ಟಿದ್ದೆ. ಈಗ ಹೇಳಲು ಕೂತಿರುವುದು ಯಾಕೆಂದರೆ ಹೋದ ಮಳೆಗಾಲದಲ್ಲಿ ನಡೆದದ್ದು ನನಗೇ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಹೇಳುತ್ತಾ ಹೋದರೆ ನಡುವೆ ಎಲ್ಲಾದರೂ ಅರ್ಥವಾದೀತೇನೋ ಎಂದು ಆಸೆ.

ಏರಿ ಅಂದರೆ ಭಾರೀ ಅಣೆಕಟ್ಟೇನಲ್ಲ. ಎರಡಾಳೆತ್ತರದ ಮಣ್ಣಿನ ಒಡ್ಡು. ಮಳೆ ಹಿಡಿದರೆ ಗುಡ್ಡದ ಹಳ್ಳ ಹುಚ್ಚು ಕುದುರೆಯ ಹಾಗೆ ನುಗ್ಗುತ್ತದೆ. ಅದನ್ನು ತಡೆದು ನಿಲ್ಲಿಸಿ, ತೂಬಿನಿಂದ ಸಣ್ಣಗೆ ಬಿಟ್ಟು, ಕೆಳಗೇರಿಯ ನಲವತ್ತು ಮನೆ ಉಳಿಸುವುದೊಂದೇ ಅದರ ಕೆಲಸ. ಬೆಳೆಗೆ ಅದರಿಂದ ನೀರಿಲ್ಲ, ಸಾರಿಗೆ ಮೀನಿಲ್ಲ. ವರ್ಷದಲ್ಲಿ ಹತ್ತು ತಿಂಗಳು ಅದರ ಹೊಟ್ಟೆಯೊಳಗೆ ಮೇಕೆ ಮೇಯುತ್ತಿರುತ್ತವೆ. ಉದ್ದಕ್ಕೂ ಇಪ್ಪತ್ತೆರಡು ಪಾಲು, ಒಂದೊಂದು ಪಾಲು ಇಪ್ಪತ್ತು ಹೆಜ್ಜೆ, ಪಾಲಿಗೆ ಒಬ್ಬೊಬ್ಬರು. ಆ ಪಾಲಿನ ಒಂದು ಹಿಡಿ ಮಣ್ಣನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟದಲ್ಲಿಟ್ಟುಕೊಳ್ಳಬೇಕು. ಹಿರಿಯರು ಕಣ್ಣು ಮುಚ್ಚುವಾಗ ಗಂಟನ್ನು ಮಗನ ಕೈಗೋ ಮಗಳ ಕೈಗೋ ಕೊಡುತ್ತಾರೆ. ಆಮೇಲೆ ಪಾಲಿಗೆ ಬಂದದ್ದೆಲ್ಲ ಗಂಟು ಇದ್ದವರ ಮೈಗೆ. ಬಿರುಕು ಬಿಟ್ಟರೆ ಹಿಮ್ಮಡಿ ಒಡೆಯುತ್ತದೆ. ಹೆಗ್ಗಣ ತೋಡಿದರೆ ಹಲ್ಲು ನೋಯುತ್ತದೆ. ಎಮ್ಮೆ ಹತ್ತಿ ಮೇಯ್ದರೆ ಬೆನ್ನು ಕೆರೆತ. ನೀರು ಒಸರಿದರೆ ಮೊಣಕಾಲು ಊದಿಕೊಂಡು ನೀರು ತುಂಬುತ್ತದೆ. ಎಲ್ಲಿ ಕೆಟ್ಟಿದೆ ಎಂದು ತಿಳಿಯಬೇಕಾದರೆ ಗಂಟಿನವರು ತಮ್ಮ ಪಾಲಿನ ಮೇಲೆ ನಡೆಯಬೇಕು. ಕೆಟ್ಟ ಜಾಗ ಹತ್ತಿರ ಬಂದ ಹಾಗೆಲ್ಲ ನೋವು ಏರುತ್ತದೆ, ಅಲ್ಲಿ ಅಗೆದು ಸರಿ ಮಾಡಿದರೆ ಇಳಿಯುತ್ತದೆ.

ಪ್ರತಿ ಸೋಮವಾರ ಮನೆ ಮನೆಗೆ ಹೋಗಿ ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಕೇಳುವುದು ನನ್ನ ಕೆಲಸ. ನಮ್ಮಮ್ಮ ಮಾಡುತ್ತಿದ್ದಳು, ಅವಳಾದ ಮೇಲೆ ನಾನು. ಮಳೆಗಾಲದಲ್ಲಿ ನಾನು 'ಏರಿ ಗಟ್ಟಿ' ಅಂದರೆ ಕೆಳಗೇರಿ ನಿದ್ದೆ ಮಾಡುತ್ತದೆ, 'ಏಳಿ' ಅಂದರೆ ಚಾಪೆ ಸುತ್ತಿಕೊಂಡು ಗುಡ್ಡದ ಶಾಲೆಗೆ ಹೋಗುತ್ತದೆ. ಅದರಲ್ಲಿ ನನ್ನ ಮನೆಯೂ ಒಂದು. ಸಣ್ಣಬೋರಕ್ಕನ ಮಾತಿಗೆ ಊರಿನಲ್ಲಿ ಎರಡನೇ ಮಾತಿರಲಿಲ್ಲ, ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ. ಏರಿಯನ್ನು ಕಣ್ಣಿಟ್ಟು ನೋಡುವುದು ಮಾತ್ರ ನಮ್ಮಲ್ಲಿ ಇಲ್ಲ. ಒಬ್ಬರ ಪಾಲಿನ ಮುಂದೆ ನಿಂತು ದಿಟ್ಟಿಸಿದರೆ ಅವರ ಮಾತು ನಂಬಲಿಲ್ಲ ಎಂದೇ ಅರ್ಥ, ಜಗಳವೇ ಆಗುತ್ತದೆ.

ನನ್ನದು ಹದಿನಾಲ್ಕನೇ ಪಾಲು. ಗಂಡನದು ಒಂಬತ್ತನೆಯದು. ಅವನ ಹೆಸರು ಓಬಯ್ಯ. ಈ ವಯಸ್ಸಿನಲ್ಲಿ ಗಂಡನ ಹೆಸರು ಹೇಳಿದರೆ ನಾಲಿಗೆಯೇನೂ ಬಿದ್ದುಹೋಗುವುದಿಲ್ಲ. ಅವನಷ್ಟು ನರಳುವ ಗಂಡಸನ್ನು ನಾನು ಕಂಡಿಲ್ಲ. ಬೆಳಗ್ಗೆ ಹಿಮ್ಮಡಿ, ಮಧ್ಯಾಹ್ನ ಹಲ್ಲು, ಸಂಜೆಗೆ ಬೆನ್ನು. ಗಂಡನ ಪಾಲು ತಾನೆ, ಯಾರು ಕೇಳುತ್ತಾರೆ ಎಂದು ನಾನು ಸೆರಗು ಸಿಕ್ಕಿಸಿಕೊಂಡು ಒಂಬತ್ತಕ್ಕೆ ಹೋಗಿ ನೋಡಿದರೆ ಎಷ್ಟೋ ಸಲ ಅಲ್ಲಿ ಒಂದು ಇಲಿ ಬಿಲವೂ ಇರುತ್ತಿರಲಿಲ್ಲ. "ಸುಳ್ಳುಬುರುಕ! ಕೆಲಸ ತಪ್ಪಿಸ್ಕೊಳ್ಳೋಕೆ ನಾಟ್ಕ ಆಡ್ತೀಯ" ಎಂದು ಬಂದು ಬೈಯುತ್ತಿದ್ದೆ. ಅವನು ಗುದ್ದಲಿ ಹೆಗಲಿಗೇರಿಸಿ ಎತ್ತಲೋ ಹೋಗುತ್ತಿದ್ದ. ನನ್ನ ಪಾಲೋ, ಕಬ್ಬಿಣ. ಮೂವತ್ತೊಂದು ವರ್ಷದಲ್ಲಿ ನನಗೆ ಒಂದು ಹಲ್ಲೂ ನೋಯಲಿಲ್ಲ. ಸೋಮವಾರ ಹದಿಮೂರನೆಯವರನ್ನು ಕೇಳಿದ ಮೇಲೆ ನೇರ ಹದಿನೈದಕ್ಕೆ ಹೋಗುತ್ತಿದ್ದೆ, ನಡುವಿನದು ನನ್ನದೇ ತಾನೆ.

ಹೋದ ವರ್ಷ ಮುಂಗಾರಿಗೆ ಮುಂಚೆ ಇಲಾಖೆಯಿಂದ ಒಬ್ಬ ಇಂಜಿನಿಯರ್ ಮೇಡಂ ಬಂದರು. ಶಾಹೀನಾ ಮೇಡಂ ಅಂತ. ಸಣ್ಣ ಸಣ್ಣ ಒಡ್ಡುಗಳು ಭದ್ರವಾಗಿವೆಯೋ ಇಲ್ಲವೋ ಎಂದು ಬರೆದುಕೊಂಡು ಹೋಗುವ ಕೆಲಸ ಅವರದು. ಊರಿನ ಹಿರಿಯ ತಿಪ್ಪೇರುದ್ರಪ್ಪ ಅವರನ್ನು ಏರಿಗೆ ಕರೆದುಕೊಂಡು ಹೋಗಲಿಲ್ಲ, ಜಗಲಿ ಮೇಲೆ ಕೂರಿಸಿ ಮಜ್ಜಿಗೆ ಕೊಡಿಸಿದ.

"ಏರಿ ಸ್ಥಿತಿ ಹೇಗಿದೆ?" ಎಂದು ಮೇಡಂ ಕೇಳಿದರು.

"ಚೆನ್ನಾಗೈತೆ ತಾಯಿ. ಮೂರನೇದಕ್ಕೆ ಒಂಚೂರು ಶೀತ. ಹನ್ನೊಂದಕ್ಕೆ ಹಲ್ಲುನೋವು. ಇನ್ನೇನಿಲ್ಲ."

ಮೇಡಂ ಅರ್ಧ ಬರೆದು ಪೆನ್ನು ನಿಲ್ಲಿಸಿದರು. "ಏರಿಗೆ ಹಲ್ಲಾ?"

"ಏರಿಗ್ಯಾಕೆ ತಾಯಿ ಹಲ್ಲು? ಹಲ್ಲು ಸಿರಿಯಮ್ಮಂದು."

ಅವರು ನನ್ನ ಕಡೆ ನೋಡಿದರು, ನಾನು ಹೌದೆಂದು ತಲೆಯಾಡಿಸಿದೆ. ಪಾಪ, ಆ ಹೆಣ್ಣುಮಗಳು ಮಜ್ಜಿಗೆಯನ್ನು ಒಂದೇ ಉಸಿರಿಗೆ ಕುಡಿದು, ಲೋಟ ಕೆಳಗಿಟ್ಟು, ತಾವೇ ಎದ್ದು ಏರಿ ಕಡೆ ನಡೆದರು. ಒಳಗೆ ನೀರು ಎಷ್ಟು ಎತ್ತರಕ್ಕೆ ಜಿನುಗುತ್ತದೆ ಎಂದು ನೋಡಲು ಮೂರು ಕಡೆ ಕೊಳವೆ ಇಳಿಸುತ್ತೇವೆ ಎಂದರು. ನಾಲ್ಕು, ಹದಿನಾಲ್ಕು, ಹತ್ತೊಂಬತ್ತು. ಬೇಡ ಎನ್ನೋಣವೆಂದರೆ ಸರ್ಕಾರದ ಕೆಲಸ. ಕೊರೆಯುವ ದಿನ ನಾಲ್ಕನೆಯವನು ಹಲ್ಲು ಕಚ್ಚಿ ಕಂಬ ತಬ್ಬಿಕೊಂಡ, ಹತ್ತೊಂಬತ್ತನೆಯವಳು ಸರ್ಕಾರದ ಏಳು ತಲೆಮಾರಿಗೆ ಶಾಪ ಹಾಕಿದಳು. ಹದಿನಾಲ್ಕನ್ನು ಕೊರೆಯುವಾಗ ನಾನು ಕಡಲೆಕಾಯಿ ಸುಲಿಯುತ್ತಾ ಕೂತಿದ್ದೆ. ಏನೂ ಆಗಲಿಲ್ಲ. ಪಕ್ಕದಲ್ಲಿ ಓಬಯ್ಯ ಹೊಟ್ಟೆ ಹಿಡಿದುಕೊಂಡು ನೆಲದಲ್ಲಿ ಹೊರಳಾಡಿದ. ಒಂಬತ್ತನ್ನು ಯಾರೂ ಮುಟ್ಟಿರಲಿಲ್ಲ. "ಬೇರೆಯೋರ ಪಾಲು ಕೊರುದ್ರೂ ಇವನಿಗೇ ನೋವು" ಎಂದು ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಮೊದಲ ಮಳೆ ಬಿದ್ದ ವಾರಕ್ಕೆ ಅವನ ಬಲ ಮೊಣಕಾಲು ಊದಿತು. ಮೊದಲು ನಿಂಬೆಹಣ್ಣಿನಷ್ಟು, ಆಮೇಲೆ ತೆಂಗಿನಕಾಯಿಯಷ್ಟು. ಒಸರಿಕೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಒಂಬತ್ತನೇ ಪಾಲನ್ನು ಆಳೆತ್ತರ ಅಗೆದರು, ಮಣ್ಣು ಹಪ್ಪಳದ ಹಾಗೆ ಒಣಗಿತ್ತು. ಮುಚ್ಚಿ, ಜೇಡಿ ಹಾಕಿ ದಮ್ಮಸು ಮಾಡಿದರು. ಕಾಲು ಇಳಿಯಲಿಲ್ಲ. ಇನ್ನೊಂದು ಕಡೆ ಅಗೆದರು, ಅಲ್ಲೂ ಒಣ ಮಣ್ಣೇ. ಅವನನ್ನು ಹೆಗಲು ಕೊಟ್ಟು ಒಂಬತ್ತರ ಮೇಲೆ ನಡೆಸಿದರೆ ನೋವು ಏರಲೂ ಇಲ್ಲ, ಇಳಿಯಲೂ ಇಲ್ಲ, ಒಂದೇ ಸಮ. ಹೀಗೆ ಯಾವತ್ತೂ ಆಗಿರಲಿಲ್ಲ. ಏರಿಯಲ್ಲಿಲ್ಲದ ನೋವು ಮೈಯಲ್ಲಿ ಹೇಗೆ ಬಂತು? ತಿಪ್ಪೇರುದ್ರಪ್ಪ ಮೀಸೆ ತೀಡಿ ತೀಡಿ ಕೊನೆಗೆ, "ಬೋರಕ್ಕ, ಬೇಜಾರ್ ಮಾಡ್ಕೋಬ್ಯಾಡ. ಇದು ನಿನ್ ಗಂಡನ ಸ್ವಂತದ್ದೇನೋ" ಎಂದ.

ನನಗೆ ನಾಚಿಕೆಯಾಗಿ ಭೂಮಿಗಿಳಿದುಹೋದೆ. ಏರಿಯ ಕಡೆಯಿಂದ ಬರದ ನೋವನ್ನು ನಮ್ಮೂರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಏನು ಮಾಡಬೇಕು ಎಂದೂ ನಮಗೆ ಗೊತ್ತಿಲ್ಲ. ಎಲ್ಲಿ ಅಗೆಯುವುದು? ನಾನು ಆ ಕಾಲಿಗೆ ಹರಳೆಣ್ಣೆ ತಿಕ್ಕಿದೆ, ಬಿಸಿ ಉಪ್ಪಿನ ಗಂಟು ಒತ್ತಿದೆ, ಒತ್ತುತ್ತಾ ಬೈದೆ. ಅವನು, "ಬಿಡೇ, ತಾನಾಗೇ ಹೋಗ್ತದೆ" ಎನ್ನುತ್ತಿದ್ದ. ಅವನಿಗೂ ತಲೆ ಕೆಟ್ಟುಹೋಗಿತ್ತು ಎಂದು ಈಗ ಅನಿಸುತ್ತದೆ. ಆ ದಿನಗಳಲ್ಲಿ ಅವನು ನನ್ನ ಮುಖ ನೋಡಿ ಏನೋ ಹೇಳಲು ಹೊರಟು, ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದ.

ಎರಡು ದಿನ ಒಂದೇ ಸಮ ಮಳೆ ಹೊಡೆಯಿತು. ಮೂರನೇ ದಿನ ಬೆಳಗ್ಗೆ ಮಳೆ ನಿಂತು ಹೊಳವಾದಾಗ ಏರಿಯ ಹೊಟ್ಟೆ ಮುಕ್ಕಾಲು ತುಂಬಿತ್ತು, ಗುಡ್ಡದ ಮೇಲೆ ಮೋಡ ಇನ್ನೂ ಕರ್ರಗೆ ಕೂತಿತ್ತು. ಒಂಬತ್ತನ್ನು ಕಟ್ಟಕಡೆಯದಾಗಿ ಇನ್ನೊಂದು ಸಲ ಅಗೆದು ನೋಡೋಣ ಎಂದು ಗಂಡಸರು ಸೇರಿದ್ದರು. ಓಬಯ್ಯನಿಗೆ ಕಾಲು ಊರಲೂ ಆಗುತ್ತಿರಲಿಲ್ಲ, ಹೊರಸಿನ ಮೇಲೆ ಹೊತ್ತು ತಂದು ಅಲ್ಲೇ ಮಲಗಿಸಿದ್ದರು. ಆಗ ಶಾಹೀನಾ ಮೇಡಂ ಮೊಣಕಾಲುದ್ದ ಕೆಸರು ತುಳಿದುಕೊಂಡು ಬಂದು, ಕೊಳವೆಯೊಳಗೆ ದಾರ ಇಳಿಸಿ ಇಳಿಸಿ ನೋಡಿದರು. ನೋಡಿದ ಮೇಲೆ ಅವರ ಮುಖ ಬಿಳಿಚಿಕೊಂಡಿತು.

"ಹದಿನಾಲ್ಕರಲ್ಲಿ ನೀರು ಉಳಿದೆರಡು ಕೊಳವೆಗಿಂತ ಮೂರು ಅಡಿ ಮೇಲಿದೆ. ಒಳಗೆ ದಾರಿ ಮಾಡಿಕೊಂಡಿದೆ. ಕೆಳಗಿನ ಮನೆಗಳನ್ನು ಈಗಲೇ ಖಾಲಿ ಮಾಡಿಸಿ."

ತಿಪ್ಪೇರುದ್ರಪ್ಪ ನನ್ನ ಕಡೆ ತಿರುಗಿದ. "ಬೋರಕ್ಕ ಹೇಳ್ಲಿ."

ಎಲ್ಲರೂ ನನ್ನನ್ನೇ ನೋಡಿದರು. ನಾನು ನನ್ನ ಮೊಣಕಾಲು ಮುಟ್ಟಿಕೊಂಡೆ, ಹಿಮ್ಮಡಿ ನೋಡಿಕೊಂಡೆ, ನಾಲಿಗೆಯಿಂದ ಹಲ್ಲೆಲ್ಲ ತಡವಿಕೊಂಡೆ. ಏನೂ ಇಲ್ಲ. ಗುಂಡುಕಲ್ಲಿನ ಹಾಗಿದ್ದೆ. "ಹದಿನಾಲ್ಕು ನಂದು. ನಂಗೇನೂ ಆಗಿಲ್ಲ" ಎಂದೆ.

"ಅಮ್ಮಾ, ಅದು ನಿಮ್ಮ ಮೈ. ಇದು ಏರಿ!" ಎಂದು ಮೇಡಂ ಕೂಗಿದರು.

ಅವರು ಹೇಳಿದ್ದು ನಮಗೆ ಯಾರಿಗೂ ತಲೆಗೆ ಹತ್ತಲಿಲ್ಲ. ನನಗಂತೂ ಮೈ ಉರಿದುಹೋಯಿತು. ಒಂದು ತಗಡಿನ ಕೊಳವೆ ನನ್ನನ್ನು ಸುಳ್ಳಿ ಎನ್ನುತ್ತದೆಯೆ? ಅಲ್ಲಿ ಬಿದ್ದಿದ್ದ ಹಾರೆ ಎತ್ತಿಕೊಂಡು ನೂರು ಹೆಜ್ಜೆ ದಾಪುಗಾಲು ಹಾಕಿ ಹದಿನಾಲ್ಕಕ್ಕೆ ಹೋದೆ. "ನೋಡ್ಕಳಮ್ಮ, ಎಷ್ಟು ಗಟ್ಟಿ ಐತೆ ಅಂತ" ಎಂದು ಹಾರೆಯನ್ನು ಎತ್ತಿ ಇಳಿಜಾರಿಗೆ ಹಾಕಿದೆ. ಹಾರೆ ಬೆಣ್ಣೆಯೊಳಗೆ ಹೋದ ಹಾಗೆ ಮೊಳದುದ್ದ ಒಳಗೆ ಹೋಯಿತು. ನನಗೆ ಏನೂ ಅನಿಸಲಿಲ್ಲ. ಅತ್ತ ಒಂಬತ್ತರಲ್ಲಿ ಹೊರಸಿನ ಮೇಲಿದ್ದ ಓಬಯ್ಯ, "ಅಯ್ಯಯ್ಯಪ್ಪೋ!" ಎಂದು ಚೀರಿದ.

ನಾನು ನಿಂತೆ. ಹಾರೆ ಕಿತ್ತು ಇನ್ನೊಂದು ಕಡೆ, ಈ ಸಲ ಮೆಲ್ಲಗೆ, ಚುಚ್ಚಿದೆ. ಅವನು ಮತ್ತೆ ಕೂಗಿದ. ಯಾರೂ ನಗಲಿಲ್ಲ. ಹಾರೆ ಕೆಳಗೆ ಹಾಕಿದೆ. ಹೊರಸಿನ ಹತ್ತಿರ ಹೇಗೆ ಬಂದೆನೋ ನೆನಪಿಲ್ಲ. "ಏನಿದು? ಏನೋ ಇದು? ನನ್ ಪಾಲಿಗೆ ಚುಚ್ಚಿದ್ರೆ ನಿಂಗ್ಯಾಕೆ ನೋವು?" ಎಂದು ಅವನ ಭುಜ ಹಿಡಿದು ಅಲ್ಲಾಡಿಸಿದೆ.

ಅವನು ಅಂಗಿ ಎತ್ತಿದ. ಅವನ ಉಡಿದಾರದಲ್ಲಿ ಎರಡು ಗಂಟು ಇದ್ದವು.

ನಮ್ಮಲ್ಲಿ ಬಸುರಿಯ ಸೊಂಟದಲ್ಲಿ ಪಾಲಿನ ಗಂಟು ಇರಬಾರದು. ಏರಿಯ ಭಾರ ಮಗುವಿಗೆ ತಗಲುತ್ತದೆ ಎನ್ನುತ್ತಾರೆ. ಬಸುರು ಎಂದು ಗೊತ್ತಾಗುತ್ತಿದ್ದ ಹಾಗೆ ಗಂಡ ಆ ಗಂಟನ್ನು ಇಸಿದುಕೊಂಡು ತಾನು ಕಟ್ಟಿಕೊಳ್ಳುತ್ತಾನೆ, ಮಗುವಿಗೆ ಹೆಸರಿಡುವ ದಿನ ಹಿಂದಕ್ಕೆ ಕೊಡುತ್ತಾನೆ. ನಮ್ಮ ಮಗುವಿಗೆ ಹೆಸರಿಡಲಿಲ್ಲ. ಹುಟ್ಟುವಾಗಲೇ ಉಸಿರಿರಲಿಲ್ಲ. ಹೆಣ್ಣು. ನಾನು ನಾಲ್ಕು ತಿಂಗಳು ಚಾಪೆ ಬಿಟ್ಟು ಏಳಲಿಲ್ಲವಂತೆ, ಅನ್ನ ಕಲಸಿ ಬಾಯಿಗೆ ಇಟ್ಟವನು ಇವನೇ. ಒಂದು ದಿನ ಗಂಟು ತಂದು ನನ್ನ ಕೈಗೆ ಕೊಟ್ಟ, ನಾನು ಸೊಂಟಕ್ಕೆ ಕಟ್ಟಿಕೊಂಡೆ. ಅದಾಗಿ ಮೂವತ್ತೊಂದು ವರ್ಷ. ಬಟ್ಟೆ ಹರಿದಾಗಲೆಲ್ಲ ಹೊಸ ಬಟ್ಟೆಗೆ ಬದಲಾಯಿಸಿ ಜೋಪಾನ ಮಾಡಿದ್ದೇನೆ.

"ಹಂಗಾದ್ರೆ ನನ್ನತ್ರ ಇರೋದು?" ಎಂದೆ.

"ನಮ್ಮನೆ ಒಲೆ ಮುಂದಿನ ಮಣ್ಣು."

"ಯಾಕೋ? ಯಾಕ್ ಹಿಂಗ್ ಮಾಡ್ದೆ?"

"ಕೊಡೋಣ ಅಂತ್ಲೇ ಬಂದೆ ಕಣೇ. ಅವತ್ತು ನೀನು ಬಾಗ್ಲಲ್ಲಿ ಕೂತು, ಪಕ್ಕದ ಮನೆ ಕೋಳಿ ನೋಡ್ಕೊಂಡು ನಗ್ತಿದ್ದೆ. ನಾಕು ತಿಂಗ್ಳಾದ್ಮೇಲೆ ಮೊದ್ಲನೇ ಸಲ. ಹದಿನಾಲ್ಕರಾಗೆ ಆಗ ಬಿರುಕು ಬೇರೆ ಬಿದ್ದಿತ್ತು. ಕೊಟ್ರೆ ಮತ್ತೆ ಮಲಗ್ತೀಯ ಅಂತ ಭಯ ಆತು. ಇನ್ನೊಂದು ದಿನ ಕೊಟ್ರಾತು ಅಂದ್ಕಂಡೆ. ಆಮ್ಯಾಲೆ..." ಅವನು ಕಣ್ಣೊರೆಸಿಕೊಂಡ. "ಆಮ್ಯಾಲೆ ಎರಡೂ ಕಲಸಿಹೋದ್ವು. ಯಾವ ನೋವು ಯಾವುದ್ರದ್ದು ಅಂತ ನಂಗೇ ತಿಳೀತಿರ್ಲಿಲ್ಲ. ಒಂಬತ್ತರಾಗೆ ಏನೂ ಸಿಗದಿದ್ರೆ ಹದಿನಾಲ್ಕಕ್ಕೆ ಹೋಗಿ ಮುಚ್ಚಿ ಬರ್ತಿದ್ದೆ. ಈ ಸಲ ಕಾಲೇ ಬರ್ಲಿಲ್ಲ. ನಂದೇ ಸ್ವಂತದ್ದೇನೋ ಅಂತ ನಾನೂ ಅಂದ್ಕಂಡೆ."

ನನಗೆ ಅವನನ್ನು ಹೊಡೆಯಬೇಕು ಅನಿಸಿತು. ಅಪ್ಪಿಕೊಳ್ಳಬೇಕು ಅನಿಸಿತು. ಇಷ್ಟು ವರ್ಷ ನರಳಪ್ಪ, ನಾಟಕದವನು, ಸುಳ್ಳುಬುರುಕ ಎಂದು ಊರಿನ ಮುಂದೆ ಆಡಿಕೊಂಡ ನನ್ನ ಬಾಯಿಗೆ ಕೆಂಡ ಹಾಕಿಕೊಳ್ಳಬೇಕು ಅನಿಸಿತು. ಯಾವುದಕ್ಕೂ ಹೊತ್ತಿರಲಿಲ್ಲ. ಗುಡ್ಡದ ಕಡೆ ಗುಡುಗಿತು. ನಾನು ತಿಪ್ಪೇರುದ್ರಪ್ಪನ ಕಡೆ ತಿರುಗಿ, "ಕೆಳಗೇರಿ ಏಳ್ಲಿ. ನನ್ ಮಾತು ಸುಳ್ಳಾಗಿತ್ತು" ಎಂದೆ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಬೇರೆ ಯಾವ ಮಾತನ್ನೂ ನಾನು ಆಡಿಲ್ಲ. ಅವನು ಅರ್ಧ ಜನರನ್ನು ಕರೆದುಕೊಂಡು ಕೆಳಗೆ ಓಡಿದ.

ಮೇಡಂ, "ಎಲ್ಲಿಂದ ಬರ್ತಿದೆ ಅಂತ ಜಾಗ ಗೊತ್ತಾದರೆ ಇನ್ನೂ ಉಳಿಸಬಹುದು. ಇಪ್ಪತ್ತು ಹೆಜ್ಜೆಯನ್ನೂ ಅಗೆಯೋಕೆ ಹೊತ್ತಿಲ್ಲ" ಎಂದರು. ಓಬಯ್ಯ ಎದ್ದು ನಿಲ್ಲಲು ನೋಡಿದ, ಕಾಲು ಊರುತ್ತಲೇ ಕುಸಿದ. ನಾನು ಕೈ ಚಾಚಿದೆ.

"ಕೊಡು."

"ಬ್ಯಾಡ ಕಣೇ. ತುಂಬಾ ನೋವೈತೆ."

"ನನ್ ಪಾಲು ನಂಗೆ ಕೊಡೋ!"

ಅವನು ಎರಡರಲ್ಲಿ ಒಂದು ಗಂಟನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದ. ನಾನೇ ಕಿತ್ತುಕೊಂಡೆ. ಒಲೆಮಣ್ಣಿನ ಗಂಟನ್ನು ಬಿಚ್ಚಿ ಅವನ ಹೊರಸಿನ ಮೇಲಿಟ್ಟು, ಇದನ್ನು ಸೊಂಟಕ್ಕೆ ಕಟ್ಟಿದೆ. ಗಂಟು ಬಿಗಿಯುವುದಕ್ಕೂ ಮುಂಚೆ ಮೊಣಕಾಲಿಗೆ ಕಾದ ಸಲಾಕೆ ಇಟ್ಟ ಹಾಗಾಯಿತು. ಅಯ್ಯಮ್ಮಾ! ಇದನ್ನು ಇಟ್ಟುಕೊಂಡು ಇವನು "ಬಿಡೇ, ತಾನಾಗೇ ಹೋಗ್ತದೆ" ಎನ್ನುತ್ತಿದ್ದನೆ? ಕೋಲು ಊರಿ, ಮೇಡಂ ಭುಜ ಹಿಡಿದು, ಹದಿನಾಲ್ಕರ ಬುಡದಲ್ಲಿ ನಡೆದೆ. ಐದು ಹೆಜ್ಜೆ, ಆರು, ಏಳು. ಹನ್ನೆರಡನೇ ಹೆಜ್ಜೆಗೆ ಕಣ್ಣು ಕತ್ತಲೆ ಬಂದು ಹುಲ್ಲಿನ ಮೇಲೆ ಬಿದ್ದೆ. "ಇಲ್ಲೇ, ಇಲ್ಲೇ" ಎಂದು ನೆಲ ಬಡಿದೆ. ಹುಲ್ಲು ಸರಿಸಿದರೆ ಬೆರಳು ಗಾತ್ರದ ತೂತು, ಅದರಿಂದ ಕೆಂಪು ನೀರು ಕುದಿಯುತ್ತಿತ್ತು.

ಗಂಡಸರು ಜೇಡಿ ತಂದು ಮೆತ್ತಲು ಹೋದರು. ಮೇಡಂ ಅಡ್ಡ ನಿಂತರು. "ಬಾಯಿ ಕಟ್ಟಬೇಡಿ! ಇಲ್ಲಿ ಕಟ್ಟಿದರೆ ಇನ್ನೊಂದು ಕಡೆ ಒಡೆಯುತ್ತೆ. ಮರಳು ಹಾಕಿ, ಮೇಲೆ ಜಲ್ಲಿ, ಅದರ ಮೇಲೆ ಕಲ್ಲು. ನೀರು ಬರಲಿ, ಮಣ್ಣು ಬರಬಾರದು." ಶಾಲೆಗೆ ಹೊಸ ಕೋಣೆ ಕಟ್ಟಲು ತಂದಿದ್ದ ಮರಳು ಬುಟ್ಟಿ ಬುಟ್ಟಿಯಾಗಿ ಬಂತು, ಜಲ್ಲಿ ಬಂತು. ಹೆಂಗಸರು ಸಾಲು ನಿಂತು ಕೈಯಿಂದ ಕೈಗೆ ದಾಟಿಸಿದರು. ಮಳೆ ಮತ್ತೆ ಹಿಡಿಯಿತು. ನಾನು ಅಲ್ಲೇ ಕಾಲು ಚಾಚಿ ಕೂತು, ಪ್ರತಿ ಬುಟ್ಟಿ ಬಿದ್ದಾಗಲೂ ನೋವು ಎಷ್ಟಿದೆ ಎಂದು ಕೂಗಿ ಹೇಳುತ್ತಿದ್ದೆ. ಸಂಜೆ ಹೊತ್ತಿಗೆ ಕಲ್ಲಿನ ಸಂದಿಯಿಂದ ಬರುವ ನೀರು ತಿಳಿಯಾಯಿತು. ಏರಿ ನಿಂತಿತು. ಕೆಳಗೇರಿಯ ಒಂದು ಕೋಳಿಮರಿಗೂ ಏನೂ ಆಗಲಿಲ್ಲ.

ಎಂಟು ದಿನಕ್ಕೆ ಏರಿಯ ಹೊಟ್ಟೆಯ ನೀರು ಇಳಿಯಿತು, ನನ್ನ ಮೊಣಕಾಲೂ ಇಳಿಯಿತು. ಓಬಯ್ಯ ಎದ್ದು ಓಡಾಡಿದ. ಒಂದು ಭಾರ ಇಳಿದ ಮನುಷ್ಯ ಗಾಳಿಪಟದ ಹಾಗೆ ಆಗುತ್ತಾನೆ ಎಂದುಕೊಂಡಿದ್ದೆ, ಇವನು ಏನೋ ಕಳೆದುಕೊಂಡವನ ಹಾಗೆ ಮೂಲೆ ಮೂಲೆ ತಡಕಾಡುತ್ತಿದ್ದ. ನನಗೋ ಮೊಣಕಾಲು ವಾಸಿಯಾದರೂ ಎದೆಯೊಳಗೆ ಒಂದು ಭಾರ ಉಳಿದುಕೊಂಡಿತ್ತು. ಉಸಿರೆಳೆದರೆ ಒತ್ತುತ್ತದೆ, ಬಿಟ್ಟರೂ ಒತ್ತುತ್ತದೆ. ನಮ್ಮಮ್ಮ ಹೇಳಿಕೊಟ್ಟದ್ದರಲ್ಲಿ ಎದೆಭಾರಕ್ಕೆ ಏರಿಯಲ್ಲಿ ಏನು ಕೆಡುತ್ತದೆ ಎಂಬುದಿರಲಿಲ್ಲ. ಹದಿನಾಲ್ಕರ ಮೇಲೆ ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆದೆ. ಏರಲಿಲ್ಲ, ಇಳಿಯಲಿಲ್ಲ. ಮೇಡಂ ಕೊನೆಯ ಸಲ ಬಂದಾಗ ಕೊಳವೆಯಲ್ಲಿ ಇನ್ನೊಮ್ಮೆ ನೋಡಿ ಎಂದು ಕಾಡಿದೆ.

"ಹದಿನಾಲ್ಕರಲ್ಲಿ ಏನೂ ಇಲ್ಲಮ್ಮ. ನೀರೆಲ್ಲ ಇಳಿದಿದೆ. ಭದ್ರವಾಗಿದೆ ಅಂತ ಬರೆದಿದ್ದೀನಿ" ಎಂದರು.

"ಸರಿಯಾಗಿ ನೋಡಿ ತಾಯಿ. ಏನೋ ಇರ್ಬೇಕು."

"ಏನೂ ಇಲ್ಲ" ಎಂದರು ಮತ್ತೆ. ನನ್ನ ಕೈ ಒಂದು ಗಳಿಗೆ ಹಿಡಿದುಕೊಂಡು, ಬಿಟ್ಟು, ಹೋದರು.

ಮನೆಗೆ ಬಂದಾಗ ಓಬಯ್ಯ ಬಾಗಿಲಲ್ಲಿ ಕೂತಿದ್ದ. ನನ್ನ ಮುಖ ನೋಡುತ್ತಲೇ ಅವನಿಗೆ ಗೊತ್ತಾಯಿತು. ಸರಿದು ಜಾಗ ಮಾಡಿಕೊಟ್ಟ. "ಎಲ್ಲಿ?" ಎಂದ. ನಾನು ಎದೆ ತೋರಿಸಿದೆ. ಅವನು ಅಂಗೈ ಮುಂದೆ ಮಾಡಿದ.

"ಗಂಟು ಇತ್ತ ಕೊಡು. ಎರಡ್ ದಿನ ಇಟ್ಕಂಡಿರ್ತೀನಿ."

"ಇದು ಅದರದ್ದಲ್ಲ ಕಣೋ" ಎಂದೆ. "ಆ ಮಗೂಗೆ ನಾವು ಒಂದು ಹೆಸ್ರೂ ಇಡ್ಲಿಲ್ವಲ್ಲೋ."

ಅವನು ಚಾಚಿದ ಅಂಗೈ ಮಡಿಚಿಕೊಂಡ. "ಇಟ್ಟಿದ್ದೆ. ನಾನೊಬ್ಬನೇ ಇಟ್ಕಂಡಿದ್ದೆ" ಎಂದ.

"ಏನಂತ?"

ಅವನು ಹೇಳಿದ. ನಾನು ಆ ಹೆಸರನ್ನು ಒಂದು ಸಲ ಬಾಯಿಬಿಟ್ಟು ಕರೆದೆ, ಆಮೇಲೆ ಹೊಸಿಲ ಮೇಲೆ ಕೂತು, ಬೀದಿಯವರೆಲ್ಲ ನೋಡುತ್ತಿದ್ದರೂ, ಗಟ್ಟಿಯಾಗಿ ಅತ್ತೆ.